ಕಬ್ಬಿನ ಗದ್ದೆ, ಮುಳ್ಳುತಂತಿ, ವೈನ್ ಪೀಪಾಯಿ: ಅಮೆರಿಕದ ಜಪಾನಿ ವಲಸಿಗರ ಸಂಗೀತ

1885ರ ಫೆಬ್ರವರಿ 8ರಂದು 'ಸಿಟಿ ಆಫ್ ಟೋಕಿಯೊ' ಎಂಬ ಹಡಗು ಹೊನೊಲುಲು ಬಂದರಿಗೆ ಬಂತು. ಅದರಲ್ಲಿ 900ಕ್ಕೂ ಹೆಚ್ಚು ಜಪಾನಿಯರಿದ್ದರು. ಹವಾಯಿ ಆಗಿನ್ನೂ ಅಮೆರಿಕಕ್ಕೆ ಸೇರಿರಲಿಲ್ಲ, ಅಲ್ಲಿ ರಾಜನಿದ್ದ. ಕಬ್ಬಿನ ತೋಟಗಳಿಗೆ ಆಳು ಸಾಲದೆ ಎರಡು ಸರ್ಕಾರಗಳೂ ಸೇರಿ ಒಂದು ಕರಾರು ಮಾಡಿಕೊಂಡಿದ್ದವು. ಅವಧಿ ಮೂರು ವರ್ಷ. ತಿಂಗಳಿಗೆ 26 ದಿನ ದುಡಿಯಬೇಕು, ಗದ್ದೆಯಲ್ಲಾದರೆ ದಿನಕ್ಕೆ 10 ಗಂಟೆ, ಗಿರಣಿಯಲ್ಲಾದರೆ 12. ಗಂಡಾಳಿಗೆ ತಿಂಗಳಿಗೆ 9 ಡಾಲರ್ ಕೂಲಿ, ಊಟಕ್ಕೆಂದು ಇನ್ನೊಂದು 6. ಹೆಣ್ಣಾಳಿಗೆ 6 ಮತ್ತು 4. 1894ರ ಹೊತ್ತಿಗೆ ಈ ಕರಾರಿನ ಮೇಲೆ ಬಂದವರೇ ಸುಮಾರು 29,000 ಮಂದಿ. ಹೆಚ್ಚಿನವರು ಹಿರೊಶಿಮಾ, ಯಮಾಗುಚಿ, ಕುಮಾಮೊಟೊ, ಫುಕುವೊಕಾ ಕಡೆಯ ರೈತಾಪಿ ಜನ.

ವಲಸೆಯ ಸಂಗೀತ ಅಂದಕೂಡಲೇ ತಾಯ್ನಾಡಿನ ನೆನಪಿನ ಹಾಡುಗಳು ಕಣ್ಣ ಮುಂದೆ ಬರುತ್ತವೆ. ಜಪಾನಿ ವಲಸಿಗರ ವಿಷಯದಲ್ಲಿ ಅಷ್ಟಕ್ಕೇ ನಿಂತರೆ ಮುಖ್ಯವಾದದ್ದು ಕೈತಪ್ಪುತ್ತದೆ. ಅವರ ಅನುಭವ ಹಾಡಿನ ಅರ್ಥದಲ್ಲಿ ಎಷ್ಟಿದೆಯೋ, ಹಾಡನ್ನೂ ವಾದ್ಯವನ್ನೂ ಕಟ್ಟಿದ ಬಗೆಯಲ್ಲಿ ಅದಕ್ಕಿಂತ ಹೆಚ್ಚಿದೆ. ಕೈಗೆ ಏನು ಸಿಕ್ಕಿತು, ಏನು ಸಿಗಲಿಲ್ಲ, ಸಿಗದ್ದರ ಜಾಗಕ್ಕೆ ಏನನ್ನು ತಂದರು ಎಂದು ಕೇಳುತ್ತಾ ಹೋದರೆ ಕಥೆ ತಾನಾಗಿ ಬಿಚ್ಚಿಕೊಳ್ಳುತ್ತದೆ.

ಗದ್ದೆಯಿಂದಲೇ ಶುರು ಮಾಡೋಣ. ನಿಂತ ಕಬ್ಬಿನ ರವದಿ ಸುಲಿಯುವ ಕೆಲಸಕ್ಕೆ ಹವಾಯಿ ಭಾಷೆಯಲ್ಲಿ ಹೋಲೆ ಹೋಲೆ ಅನ್ನುತ್ತಾರೆ. ಕಬ್ಬು ಬೆಳೆದವರಿಗೆ ಈ ಕೆಲಸದ ಕಷ್ಟ ಹೇಳಬೇಕಾಗಿಲ್ಲ. ಗರಿಯ ಅಂಚು ಗರಗಸ, ಸುಂಕು ಮೈಗೆಲ್ಲ ಚುಚ್ಚುತ್ತದೆ. ಆ ಬಿಸಿಲಲ್ಲೂ ಹೆಂಗಸರು ಮುಂಗೈಗೆ, ಮೊಣಕಾಲ ಕೆಳಗೆ ದಪ್ಪ ಬಟ್ಟೆ ಬಿಗಿದುಕೊಂಡೇ ಗದ್ದೆಗೆ ಇಳಿಯುತ್ತಿದ್ದರು. ಕೂಲಿ ಕಡಿಮೆಯಾದ್ದರಿಂದ ಈ ಕೆಲಸ ಹೆಚ್ಚಾಗಿ ಹೆಂಗಸರ ಪಾಲಿಗೇ ಬೀಳುತ್ತಿತ್ತು. ಅದನ್ನು ಮಾಡುತ್ತ ಹಾಡಿದ್ದೇ ಹೋಲೆ ಹೋಲೆ ಬುಷಿ. ಬುಷಿ ಅಂದರೆ ಧಾಟಿ. ಊರಿಂದ ತಂದ ದುಡಿಮೆಯ ಹಾಡುಗಳ ಮಟ್ಟಿಗೆ ಹೊಸ ಮಾತು ಕೂಡಿಸಿದರು. ಪಕ್ಕವಾದ್ಯ ಇಲ್ಲ, ಕೈಗಳೆರಡೂ ಕಬ್ಬಿನ ಮೇಲೆ.

ಈ ಹಾಡುಗಳ ಅಚ್ಚು 7-7-7-5. ಕನ್ನಡಿಗರಿಗೆ ಇದು ಸುಲಭವಾಗಿ ಹಿಡಿಯುತ್ತದೆ, ಏಕೆಂದರೆ ಜಪಾನಿಯರೂ ಎಣಿಸುವುದು ಹೆಚ್ಚುಕಡಿಮೆ ನಮ್ಮ ಮಾತ್ರೆಯ ಲೆಕ್ಕದಲ್ಲೇ. ಒಂದು ಪದ್ಯ ತೆಗೆದುಕೊಳ್ಳಿ: 'ಹವಇ ಹವಇ ತೊ / ಕಿತೆ ಮಿರ್ಯ ಜಿಗೊಕು / ಬೊಸು ಗ ಎನ್ಮ ದೆ / ರುನ ಗ ಒನಿ'. ಬೆರಳು ಮಡಚಿ ಎಣಿಸಿದರೆ ಏಳು, ಏಳು, ಏಳು, ಐದು. 'ಎನ್ಮ' ಅನ್ನುವಲ್ಲಿ 'ನ್' ತನ್ನದೇ ಒಂದು ಮಾತ್ರೆ ಪಡೆಯುತ್ತದೆ. ಆದರೆ 'ಮಿರ್ಯ' ಎಂಬಲ್ಲಿ ಒತ್ತಕ್ಷರದ ಹಿಂದಿನದು ನಮ್ಮಲ್ಲಿಯ ಹಾಗೆ ಗುರುವಾಗುವುದಿಲ್ಲ, 'ರ್ಯ' ಒಂದೇ ಮಾತ್ರೆ. ಹವಾಯಿ ಹವಾಯಿ ಅಂತ ಬಂದು ನೋಡಿದರೆ ನರಕ, ಧಣಿಯೇ ಯಮ, ಮೇಸ್ತ್ರಿ ಅವನ ಕಿಂಕರ ಎಂಬುದು ತಾತ್ಪರ್ಯ. ಇಲ್ಲಿಯ ಎನ್ಮ ನಮ್ಮ ಯಮನೇ. ಬೌದ್ಧರ ಜೊತೆಯಲ್ಲಿ ಚೀನಾ ದಾಟಿ ಜಪಾನಿಗೆ ಹೋದವನು, ಅಲ್ಲಿಂದ ರೈತರ ಬಾಯಲ್ಲಿ ಹವಾಯಿಗೆ ಬಂದ.

ಪದಗಳನ್ನೂ ಗಮನಿಸಿ. ಬೊಸು ಇಂಗ್ಲಿಷಿನ ಬಾಸ್. ರುನ ಅಂದರೆ ಲೂನಾ, ತೋಟದ ಮೇಸ್ತ್ರಿಗೆ ಹವಾಯಿಯಲ್ಲಿ ಇದ್ದ ಹೆಸರು. ಮಿಕ್ಕದ್ದು ಜಪಾನಿ. ನಾಲ್ಕು ಸಾಲಿನಲ್ಲಿ ಮೂರು ಭಾಷೆ. ಇವನ್ನು ತಿದ್ದಿ 'ಶುದ್ಧ' ಜಪಾನಿಗೆ ತಂದರೆ ಅಚ್ಚು ಉಳಿದರೂ ಗದ್ದೆ ಮಾಯವಾಗುತ್ತದೆ.

ಹಾಡುವವರಿಗೆ ಒಂದು ಮಾತು. ಏಳನ್ನು ಒಂದೇ ಸಮನೆ ಹಾಡುವಂತಿಲ್ಲ. ಮೊದಲ ಸಾಲು 3+4, ಎರಡನೆಯದು 4+3, ಮೂರನೆಯದು ಮತ್ತೆ 3+4, ಕೊನೆಗೆ ಐದು. ಪ್ರಸಿದ್ಧವಾದ ಇನ್ನೊಂದು ಪದ್ಯದಲ್ಲಿ ಇದು ಇನ್ನೂ ಚೊಕ್ಕವಾಗಿ ಕಾಣುತ್ತದೆ: 'ಯುಕೊ ಕ - ಮೆರಿಕೆನ್ / ಕಎರೊ ಕ - ನಿಹೊನ್ / ಕೊಕೊ ಗ - ಶಿಅನ್ ನೊ / ಹವಇಕೊಕು'. ಅಮೆರಿಕಕ್ಕೆ ಹೋಗಲೋ, ಜಪಾನಿಗೆ ಮರಳಲೋ, ಯೋಚನೆಗೆ ಬೀಳುವ ತಾಣ ಈ ಹವಾಯಿ ನಾಡು ಎಂದು ಅರ್ಥ. ಇತ್ತೀಚಿನವರು ಗಿಟಾರ್ ಹಿಡಿದು ಇದನ್ನು ನಾಲ್ಕೇಟಿನ ಲೆಕ್ಕಕ್ಕೆ ಕೂರಿಸುವಾಗ ಪ್ರತಿ ಸಾಲಿನ ಕೊನೆಗೆ ಉಳಿಯುವ ಬಿಡುವನ್ನು ಮೀಟಿನಿಂದ ತುಂಬಿಬಿಡುತ್ತಾರೆ. ಏಳರ ನಂತರ ಒಂದು, ಐದರ ನಂತರ ಮೂರು ಎಣಿಕೆ ಖಾಲಿ ಇರಬೇಕು. ಮೈಯಿಂದ ದುಡಿಯುತ್ತ ಹಾಡುವವರು ಉಸಿರು ತೆಗೆದುಕೊಳ್ಳುವುದು ಅಲ್ಲಿಯೇ. ಅದನ್ನು ತುಂಬಿದರೆ ಹಾಡು ಕುರ್ಚಿಯಲ್ಲಿ ಕೂತವರ ಹಾಡಾಗುತ್ತದೆ.

ಇದೇ ಹಾಡು ಮುಂದೆ ಗದ್ದೆ ಬಿಟ್ಟು ಪಟ್ಟಣದ ಪಾನಗೃಹಗಳಿಗೆ ಹೋಯಿತು. ಅಲ್ಲಿ ಮೂರು ತಂತಿಯ ಶಾಮಿಸೆನ್ ಜೊತೆಯಾಯಿತು, ಕೇಳುವವರಿಗೆ ತಕ್ಕ ಹಾಗೆ ಮಾತೂ ಲಯವೂ ಬದಲಾದವು. ಹೀಗಾಗಿ ಒಂದೇ ಹಾಡಿಗೆ ಗದ್ದೆಯ ರೂಪವೂ ಇದೆ, ಮೆಹಫಿಲಿನ ರೂಪವೂ ಇದೆ. ಕಲಿಯುವವರು ಯಾವುದನ್ನು ಹಾಡುತ್ತಿದ್ದೇವೆ ಎಂದು ಮೊದಲೇ ತೀರ್ಮಾನಿಸಿಕೊಳ್ಳಬೇಕು. ಈ ವ್ಯತ್ಯಾಸ ಇವತ್ತು ನಮಗೆ ತಿಳಿಯುತ್ತಿರುವುದಕ್ಕೆ ಮುಖ್ಯವಾಗಿ ಹ್ಯಾರಿ ಉರಾಟ ಕಾರಣ. ಅವರು ಹೊನೊಲುಲುವಿನ ಸಂಗೀತ ಮೇಷ್ಟ್ರು. 1960ರ ದಶಕದಲ್ಲಿ ಟೇಪ್ ರೆಕಾರ್ಡರ್ ಹೊತ್ತು ವಯಸ್ಸಾದ ಇಸ್ಸೇಗಳ, ಅಂದರೆ ಮೊದಲ ತಲೆಮಾರಿನವರ, ಮನೆಮನೆಗೆ ಹೋಗಿ ಹಾಡಿಸಿ ಮುದ್ರಿಸಿಕೊಂಡರು. ಇನ್ನು ಇಪ್ಪತ್ತು ವರ್ಷ ತಡವಾಗಿದ್ದರೆ ಹಾಡುವವರೇ ಇರುತ್ತಿರಲಿಲ್ಲ.

ಗದ್ದೆಯ ಹಾಡು ಒಬ್ಬಿಬ್ಬರದು. ಊರೆಲ್ಲ ಸೇರುತ್ತಿದ್ದದ್ದು ಬೋನ್ ಒಡೊರಿಗೆ. ಬೋನ್ ಅಂದರೆ ಹಿರಿಯರನ್ನು ನೆನೆಯುವ ಬೇಸಿಗೆಯ ಬೌದ್ಧ ಹಬ್ಬ, ಒಡೊರಿ ಕುಣಿತ. ನಡುವೆ ಮರದ ಅಟ್ಟ, ಅದರ ಮೇಲೆ ನಗಾರಿ, ಸುತ್ತ ವೃತ್ತದಲ್ಲಿ ಜನ. ಒಂದೊಂದು ಪ್ರಾಂತ್ಯದವರೂ ತಮ್ಮ ತಮ್ಮ ಕುಣಿತವನ್ನು ಹವಾಯಿಗೆ ತಂದರು. ಫುಕುಶಿಮಾದವರ 'ಒಂಡೊ' (ಕುಣಿತದ ಹಾಡು), ಯಮಾಗುಚಿ ಕಡೆಯ ಇವಾಕುನಿ 'ಒಂಡೊ', ಒಕಿನಾವಾದವರ ಏಸಾ. ಜಪಾನಿನಲ್ಲಿ ನೂರಾರು ಮೈಲಿ ದೂರದಲ್ಲಿದ್ದ ಕುಣಿತಗಳು ಇಲ್ಲಿ ಒಂದೇ ದೇವಸ್ಥಾನದ ಅಂಗಳದಲ್ಲಿ, ಒಂದೇ ರಾತ್ರಿ, ಒಂದರ ಹಿಂದೆ ಒಂದು ಬಂದವು.

ಈ ಕುಣಿತಗಳಲ್ಲಿ ಒಂದನ್ನು ಹತ್ತಿರದಿಂದ ನೋಡಬೇಕು, ಮುಂದಿನ ಮಾತಿಗೆ ಅದು ಬೇಕಾಗುತ್ತದೆ. ಫುಕುವೊಕಾದ ಕಲ್ಲಿದ್ದಲ ಗಣಿಯ ಹಾಡು ತಾಂಕೊ ಬುಷಿ ಈಗ ಪ್ರಪಂಚದ ಬಹುತೇಕ ಕಡೆಯ ಬೋನ್ ಒಡೊರಿಯಲ್ಲೂ ಇದೆ. ಬಲಕ್ಕೆ ಎರಡು ಸಲ ಗುದ್ದಲಿ ಹಾಕುವ ಹಾಗೆ, ಎಡಕ್ಕೆ ಎರಡು ಸಲ. ಅಗೆದದ್ದನ್ನು ಹೆಗಲ ಹಿಂದಕ್ಕೆ ಎಸೆಯುವುದು. ಒಂದೊಂದು ಹೆಜ್ಜೆ ಹಿಂದಿಡುತ್ತ ಹಣೆಗೆ ಕೈ ಅಡ್ಡ ಹಿಡಿದು ಚಂದ್ರನನ್ನು ನೋಡುವುದು. ಮುಂದೆ ಬಾಗಿ ಗಾಡಿ ತಳ್ಳುವುದು. ಕೈ ಅಗಲಿಸಿ, ಚಪ್ಪಾಳೆ. ಇಡೀ ಗಣಿಯ ಒಂದು ಪಾಳಿ ಅರ್ಧ ನಿಮಿಷದೊಳಗೆ ಮೈಮೇಲೆ ಹಾದುಹೋಗುತ್ತದೆ. ಹೊಸಬರು ತಪ್ಪುವುದು ಎಸೆಯುವಲ್ಲಿ. ಕೈ ಮಾತ್ರ ಎತ್ತುತ್ತಾರೆ, ಭಾರ ಕಾಣುವುದಿಲ್ಲ. ಮೊಣಕಾಲು ಸ್ವಲ್ಪ ಮಡಚಿ, ಸೊಂಟದಿಂದ ಎತ್ತಬೇಕು.

1941ರ ಡಿಸೆಂಬರ್ 7ರಂದು ಪರ್ಲ್ ಹಾರ್ಬರ್ ಮೇಲೆ ದಾಳಿ ನಡೆಯಿತು. ಹವಾಯಿಯಲ್ಲಿ ಸೇನಾಡಳಿತ ಬಂತು, ಬೋನ್ ಕುಣಿತ ನಿಂತಿತು. ಮುಖ್ಯ ಭೂಭಾಗದ ಪಶ್ಚಿಮ ಕರಾವಳಿಯಲ್ಲಿ ಬೌದ್ಧ ಗುರುಗಳನ್ನೂ ಜಪಾನಿ ಶಾಲೆಯ ಮೇಷ್ಟ್ರುಗಳನ್ನೂ ಪೊಲೀಸರು ಹಿಡಿದೊಯ್ದರು. ಮನೆಗಳಲ್ಲಿ ಜನ ಭಯದಿಂದ ಜಪಾನಿ ಪುಸ್ತಕ, ಪತ್ರ, ಗ್ರಾಮೊಫೋನ್ ತಟ್ಟೆಗಳನ್ನು ಸುಟ್ಟರು, ಹೂತರು. 1942ರ ಫೆಬ್ರವರಿ 19ರಂದು ಅಧ್ಯಕ್ಷ ರೂಸ್‌ವೆಲ್ಟ್ 9066ನೇ ಆಜ್ಞೆಗೆ ಸಹಿ ಹಾಕಿದರು. ಸುಮಾರು 1,20,000 ಜನ, ಅವರಲ್ಲಿ ಮೂರನೇ ಎರಡರಷ್ಟು ಮಂದಿ ಅಮೆರಿಕದಲ್ಲೇ ಹುಟ್ಟಿದ ಪ್ರಜೆಗಳು, ಮರುಭೂಮಿಯ ಮತ್ತು ಜೌಗು ನೆಲದ ಹತ್ತು ಶಿಬಿರಗಳಿಗೆ ಸಾಗಿಸಲ್ಪಟ್ಟರು. ಕೈಯಲ್ಲಿ ಹೊರಬಲ್ಲಷ್ಟನ್ನು ಮಾತ್ರ ತರಬಹುದಿತ್ತು. ಕೊಟೊ ಆರಡಿ ಉದ್ದದ ತಂತಿವಾದ್ಯ. ಮಕ್ಕಳ ಬಟ್ಟೆ, ಹಾಸಿಗೆ ಹೊತ್ತ ತಾಯಿ ಅದನ್ನು ಎಲ್ಲಿ ಹೊರುತ್ತಾಳೆ? ಶಾಮಿಸೆನ್ ಚಿಕ್ಕದೇ ಸರಿ, ಆದರೆ ಅದರ ಮುಖಕ್ಕೆ ಬಿಗಿದ ತೆಳು ಚರ್ಮಕ್ಕೆ ಒಣ ಹವೆ ಆಗಿಬರುವುದಿಲ್ಲ. ತೇವ ಹಠಾತ್ತನೆ ಇಳಿದರೆ ನಡುವೆಯೇ ಬಿರಿಯುತ್ತದೆ.

ಆದರೂ ಶಿಬಿರಗಳಲ್ಲಿ ಸಂಗೀತ ನಿಲ್ಲಲಿಲ್ಲ. ಇಸ್ಸೇ ಹಿರಿಯರು ಕೊಟೊ, ಶಾಮಿಸೆನ್, ಶಿಗಿನ್ ಎಂಬ ಪದ್ಯಗಾಯನ ಕಲಿಸಿದರು. ಬೇಸಿಗೆಯಲ್ಲಿ ಬೋನ್ ಒಡೊರಿಯ ವೃತ್ತ ದೂಳಿನಲ್ಲೇ ತಿರುಗಿತು. ಅವರ ಮಕ್ಕಳು, ಅಂದರೆ ನಿಸೇಗಳು, ಬೆಳೆದದ್ದು ರೇಡಿಯೊದಲ್ಲಿ ಸ್ವಿಂಗ್ ಎಂಬ ಜಾಝ್ ಕೇಳಿ. ಮಾಂಜನಾರ್ ಶಿಬಿರದಲ್ಲಿ 'ಜೈವ್ ಬಾಂಬರ್ಸ್', ಹಾರ್ಟ್ ಮೌಂಟನ್ ಶಿಬಿರದಲ್ಲಿ ಜಾರ್ಜ್ ಇಗಾವಾ ಅವರ ವಾದ್ಯವೃಂದ. ಮೇರಿ ಕಾಗೆಯಾಮಾ ನೊಮುರಾ ಎಂಬ ಹುಡುಗಿ ಎಷ್ಟು ಚೆನ್ನಾಗಿ ಹಾಡುತ್ತಿದ್ದಳೆಂದರೆ ಮಾಂಜನಾರ್‌ನ ಹಾಡುಹಕ್ಕಿ ಎಂದೇ ಅವಳಿಗೆ ಹೆಸರಾಯಿತು. ಸ್ವಿಂಗ್ ನುಡಿಸಿದವರು ಜಪಾನನ್ನು ಮರೆತವರು, ಕೊಟೊ ಹಿಡಿದವರು ಅಮೆರಿಕವನ್ನು ಒಪ್ಪದವರು ಎಂದು ವಿಂಗಡಿಸುವುದುಂಟು. ಅದು ತೀರ ಅನ್ಯಾಯದ ಮಾತು. ಒಂದೇ ಬರಾಕಿನ ಒಂದೇ ಮನೆಯಲ್ಲಿ ಎರಡೂ ಇದ್ದವು.

ಇಲ್ಲಿ ಒಂದು ಕಾಲಾನುಕ್ರಮ ಮನಸ್ಸಿನಲ್ಲಿಟ್ಟುಕೊಳ್ಳಿ. ಹಲವು ನಗಾರಿಗಳನ್ನು ಗುಂಪಾಗಿ ಬಾರಿಸುವ ಟೈಕೊ, ಇಂದು ಜಪಾನಿನ ಪ್ರಾಚೀನ ಕಲೆ ಎಂದು ಎಲ್ಲೆಡೆ ತೋರಿಸುವ ಕುಮಿ ಡೈಕೊ, ಹುಟ್ಟಿದ್ದು 1951ರಲ್ಲಿ. ನಾಗಾನೊ ಪ್ರಾಂತ್ಯದ ದೈಹಚಿ ಒಗುಚಿ ಎಂಬ ಜಾಝ್ ಡ್ರಮ್ ವಾದಕರು ದೇವಸ್ಥಾನದ ಹಳೆಯ ನಗಾರಿ ಲಿಪಿಯನ್ನು ಜಾಝ್ ಡ್ರಮ್ ಸೆಟ್ಟಿನಂತೆ ಹಂಚಿ ಬಾರಿಸಿದರು. ನಗಾರಿ ಹಳೆಯದು, ಗುಂಪಿನ ಕಲೆ ಹೊಸದು. ಅಂದರೆ ಮಾಂಜನಾರ್‌ನ ಸ್ವಿಂಗ್ 'ಸಾಂಪ್ರದಾಯಿಕ' ಟೈಕೊಗಿಂತ ಹಿರಿದು! ವಲಸಿಗರ ಸಂಗೀತದಲ್ಲಿ ಹಳತು ಯಾವುದು, ಹೊಸತು ಯಾವುದು ಎಂದು ಗೆರೆ ಎಳೆಯುವವರು ಇದನ್ನು ನೆನಪಿಡಬೇಕು.

ಅಮೆರಿಕದಲ್ಲಿ ಸೆಯಿಚಿ ತನಾಕಾ 1968ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಟೈಕೊ ಡೋಜೊ ಆರಂಭಿಸಿದರು. ಮರುವರ್ಷ ಲಾಸ್ ಏಂಜಲಿಸ್‌ನ ಸೆನ್ಶಿನ್ ಬೌದ್ಧ ದೇವಾಲಯದಲ್ಲಿ ಕಿನ್ನರ ಟೈಕೊ ಹುಟ್ಟಿತು. ಹೆಸರು ನಮ್ಮ ಪುರಾಣದ ಕಿನ್ನರರದೇ. ಈ ಗುಂಪಿನವರು ಹೆಚ್ಚಾಗಿ ಸಾನ್ಸೇಗಳು, ಮೂರನೇ ತಲೆಮಾರು. ಶಿಬಿರದ ಬಗ್ಗೆ ಮನೆಯಲ್ಲಿ ಯಾರೂ ಬಾಯಿ ಬಿಡದ ಕಾಲದಲ್ಲಿ ಬೆಳೆದವರು. ಅವರಿಗೆ ನಗಾರಿ ಬೇಕಿತ್ತು, ದುಡ್ಡಿರಲಿಲ್ಲ. ಜಪಾನಿನ ನಗಾಡೊ ನಗಾರಿಯನ್ನು ಕೆಯಾಕಿ ಮರದ ಒಂದೇ ದಿಮ್ಮಿಯನ್ನು ಕೊರೆದು ಮಾಡುತ್ತಾರೆ, ಬೆಲೆ ಸಾವಿರಾರು ಡಾಲರ್. ಕ್ಯಾಲಿಫೋರ್ನಿಯಾದಲ್ಲಿ ಅಗ್ಗಕ್ಕೆ ಸಿಗುತ್ತಿದ್ದದ್ದು ವೈನ್ ತುಂಬಿ ಮುಗಿದ ಹಳೆಯ ಓಕ್ ಪೀಪಾಯಿ. ಅದನ್ನೇ ನಗಾರಿ ಮಾಡಿದರು. ಉತ್ತರ ಅಮೆರಿಕದ ಹಲವು ಟೈಕೊ ತಂಡಗಳು ಈ ದಾರಿ ಹಿಡಿದವು.

ಮಾಡುವ ಬಗೆಯನ್ನು ಸ್ವಲ್ಪ ವಿವರವಾಗಿ ಹೇಳುತ್ತೇವೆ. ಸಾಮಾನ್ಯ ಪೀಪಾಯಿ 225 ಲೀಟರಿನದು. ಎತ್ತರ ಸುಮಾರು 95 ಸೆಂ.ಮೀ., ಹೊಟ್ಟೆಯ ಅಡ್ಡಳತೆ 70, ಬಾಯಿಯದು 57 ಸೆಂ.ಮೀ. ಆಸುಪಾಸು. ನಗಾಡೊದ ಹಾಗೆಯೇ ನಡು ಉಬ್ಬಿದೆ, ಅದೇ ಅದೃಷ್ಟ. ಆದರೆ ಪೀಪಾಯಿಯನ್ನು ಅಂಟಿಸಿರುವುದಿಲ್ಲ. ಮರದ ಪಟ್ಟಿಗಳನ್ನು ಕಬ್ಬಿಣದ ಬಳೆಗಳು ಹಿಡಿದಿರುತ್ತವೆ, ಒಳಗಿನ ದ್ರವಕ್ಕೆ ಮರ ಉಬ್ಬಿ ಸಂದು ಮುಚ್ಚಿರುತ್ತದೆ. ಖಾಲಿ ಮಾಡಿ ಒಣಗಲು ಬಿಟ್ಟರೆ ಪಟ್ಟಿಗಳು ಕುಗ್ಗಿ, ಬಳೆ ಜಾರಿ, ಇಡೀ ಪೀಪಾಯಿ ಕುಸಿದು ಕೂರುತ್ತದೆ. ಅದಕ್ಕೇ ಮೊದಲು ಪೂರ್ತಿ ಒಣಗಿಸಬೇಕು. ಪಟ್ಟಿಗಳಿಗೆ ನಂಬರು ಹಾಕಿ ಬಿಚ್ಚಿ, ಸಂದುಗಳನ್ನು ಕೆರೆದು, ಮರದ ಅಂಟು ಹಚ್ಚಿ, ಬಳೆಗಳನ್ನು ಬಡಿದು ಬಿಗಿಯಬೇಕು. ಹಸಿ ಇರುವಾಗಲೇ ಅಂಟಿಸಿದರೆ ಅದು ಒಣಗುತ್ತ ಮತ್ತೆ ಸಂದು ಬಿಡುತ್ತದೆ. ಉಳಿಸಿಕೊಂಡ ಬಳೆಗಳಿಗೆ ಸ್ಕ್ರೂ ಹಾಕದಿದ್ದರೆ ಪ್ರತಿ ಪೆಟ್ಟಿಗೂ ಝಣಝಣ ಅನ್ನುತ್ತವೆ.

ಪೀಪಾಯಿಯ ಮುಚ್ಚಳ ಕೂರಲು ಕೊರೆದ ಗೆರೆ ಬಾಯಿಯ ಒಳಸುತ್ತಿನಲ್ಲಿ ಇರುತ್ತದೆ. ಅದು ಅಂಚನ್ನು ದುರ್ಬಲ ಮಾಡುತ್ತದೆ, ಆದ್ದರಿಂದ ಅಷ್ಟು ಭಾಗವನ್ನು ಕತ್ತರಿಸಬೇಕು ಅಥವಾ ತುಂಬಬೇಕು. ಆಮೇಲೆ ಬಾಯಿಯನ್ನು ಮಟ್ಟಸ ಮಾಡುವುದು. ಸಮತಟ್ಟಾದ ನೆಲದ ಮೇಲೆ ಕವುಚಿ ಹಾಕಿ ಒಳಗೆ ದೀಪ ಇಟ್ಟರೆ ಎಲ್ಲಿ ಬೆಳಕು ಸೋರುತ್ತದೋ ಅಲ್ಲಿ ತಗ್ಗು. ಅಂಚು ಚೂಪಾಗಿದ್ದರೆ ಚರ್ಮ ಅಲ್ಲೇ ಹರಿಯುತ್ತದೆ, ದುಂಡಗೆ ಉಜ್ಜಬೇಕು.

ಚರ್ಮ ದನದ್ದು, ಹದ ಮಾಡದ್ದು. ಬಾಯಿಗಿಂತ ಸುತ್ತಲೂ 15-20 ಸೆಂ.ಮೀ. ಹೆಚ್ಚಿಗೆ ಬಿಟ್ಟು ದುಂಡಗೆ ಕತ್ತರಿಸಬೇಕು. ಬೆನ್ನುಮೂಳೆಯ ಗೆರೆ ನಟ್ಟನಡುವೆ ಹಾದುಹೋಗಲಿ, ಇಲ್ಲದಿದ್ದರೆ ಒಂದು ಪಕ್ಕ ಹೆಚ್ಚು ಹಿಗ್ಗಿ ದನಿ ಓರೆಯಾಗುತ್ತದೆ. ತಣ್ಣೀರಿನಲ್ಲಿ ಒಂದೆರಡು ದಿನ ನೆನೆಸಿ ಮೆತ್ತಗಾಗಿಸಬೇಕು. ಬೇಗ ಆಗಲಿ ಎಂದು ಬಿಸಿನೀರು ಸುರಿದರೆ ಚರ್ಮ ಬೆಂದು ಮುರುಟುತ್ತದೆ, ಮತ್ತೆ ಬಾರದು. ಅಂಚಿನಲ್ಲಿ ಸೀಳು ಮಾಡಿ ಮರದ ಗೂಟ ತೂರಿಸಿ, ಅವಕ್ಕೆ ಹಗ್ಗ ಹಾಕಿ ಕೆಳಗಿನ ಚೌಕಟ್ಟಿಗೆ ಕಟ್ಟುತ್ತಾರೆ. ನಗಾರಿಯ ಅಡಿಗೆ ಹಲಗೆ, ಹಲಗೆಯ ಅಡಿಗೆ ಮೂರ್ನಾಲ್ಕು ಕಾರಿನ ಜಾಕ್. ಎಲ್ಲ ಜಾಕನ್ನೂ ಸಮವಾಗಿ ಸ್ವಲ್ಪ ಸ್ವಲ್ಪವೇ ಏರಿಸುತ್ತ ಚರ್ಮವನ್ನು ಎಳೆಯುವುದು. ನಡುನಡುವೆ ಒಬ್ಬರು ಬರಿಗಾಲಲ್ಲಿ ಅದರ ಮೇಲೆ ಹತ್ತಿ ನಿಂತು ತುಳಿಯಬೇಕು. ತುಳಿದಾಗ ಹಿಗ್ಗುತ್ತದೆ, ಮತ್ತೆ ಜಾಕ್, ಮತ್ತೆ ತುಳಿತ. ಬಾರಿಸಿ ಕೇಳಿ, ಬೇಕಾದ್ದಕ್ಕಿಂತ ತುಸು ಮೇಲಿನ ಶ್ರುತಿಗೇ ನಿಲ್ಲಿಸಬೇಕು, ಏಕೆಂದರೆ ಮೊಳೆ ಹೊಡೆದ ಮೇಲೆ ಇದನ್ನು ಮತ್ತೆ ಬಿಗಿಯುವ ಹಾಗಿಲ್ಲ, ವರ್ಷ ಕಳೆದಂತೆ ಸಡಿಲವಾಗುವುದೇ. ಗುಂಡುತಲೆಯ ಮೊಳೆ ಎರಡು ಸಾಲು, ಒಂದರ ಸಂದಿಗೆ ಇನ್ನೊಂದು ಬರುವಂತೆ. ಓಕ್ ಗಟ್ಟಿ ಮರ, ಮೊದಲು ಡ್ರಿಲ್ಲಿನಿಂದ ಸಣ್ಣ ತೂತು ಮಾಡದಿದ್ದರೆ ಪಟ್ಟಿ ಸೀಳುತ್ತದೆ. ಮೊಳೆ ಹೊಡೆದ ಕೂಡಲೇ ಹಗ್ಗ ಬಿಚ್ಚಬಾರದು. ನೆರಳಿನಲ್ಲಿ ಹಲವು ದಿನ ಒಣಗಲಿ. ಬಿಸಿಲಿಗಿಟ್ಟರೆ ಒಂದು ಕಡೆ ಬೇಗ ಒಣಗಿ ಬಿರಿಯುತ್ತದೆ.

ಈ ಕೆಲಸ ಒಬ್ಬರಿಂದ ಆಗುವುದಲ್ಲ. ಜಾಕ್ ತಿರುಗಿಸುವವರು, ಹಗ್ಗ ಹಿಡಿಯುವವರು, ಮೇಲೆ ನಿಲ್ಲುವವರು ಬೇಕೇಬೇಕು. ನಗಾರಿ ಮಾಡುತ್ತಲೇ ತಂಡ ಕೂಡಿತು. ನಮ್ಮ ಪ್ರಕಾರ ಸಾನ್ಸೇ ತಲೆಮಾರಿನ ಅತ್ಯಂತ ಪ್ರಾಮಾಣಿಕ ಅಭಿವ್ಯಕ್ತಿ ಈ ಪೀಪಾಯಿ. ಮರ ಕ್ಯಾಲಿಫೋರ್ನಿಯಾದ ವೈನ್ ಉದ್ಯಮದ್ದು, ಆಕಾರ ಜಪಾನಿನದು, ಕೂಲಿ ತಮ್ಮದೇ.

1973ರಲ್ಲಿ ಶುರುವಾದ ಸ್ಯಾನ್ ಹೋಸೆ ಟೈಕೊ ಜಾಝ್ ಮತ್ತು ಲ್ಯಾಟಿನ್ ಲಯಗಳನ್ನು ಸಂಕೋಚವಿಲ್ಲದೆ ಸೇರಿಸಿಕೊಂಡಿತು. ಆ ತಂಡದ ಪಿ. ಜೆ. ಹಿರಬಯಾಶಿ 1994ರಲ್ಲಿ 'ಎಯ್ ಜಾ ನಾಯ್ ಕಾ' ರಚಿಸಿದರು. ಟೈಕೊ, ಹಾಡು, ಕುಣಿತ ಮೂರೂ ಇರುವ ಈ ರಚನೆ ಇಸ್ಸೇಗಳ ದುಡಿಮೆಗೆ ಸಲ್ಲಿಸಿದ ಗೌರವ: ಹೊಲದ ಕೆಲಸ, ಗಣಿ, ರೈಲುಹಳಿ ಹಾಕುವುದು ಅದರ ಚಲನೆಗಳಾಗಿವೆ. ತಾಂಕೊ ಬುಷಿ ಗಣಿಗೆ ಏನು ಮಾಡಿತೋ ಅದನ್ನೇ ಇದು ವಲಸಿಗರ ಕೂಲಿಗೆ ಮಾಡಿದೆ. ಹೊಸ ರಚನೆ, ಹಳೆಯ ವಿಧಾನ. ನೋಡುವವರೂ ವೃತ್ತಕ್ಕೆ ಇಳಿಯಬಹುದು, ಇಳಿದರೆ ಅಜ್ಜ ಮಾಡಿದ ಕೆಲಸ ಮೈಗೆ ಗೊತ್ತಾಗುತ್ತದೆ.

ಕೊಟೊದ ದಾರಿ ಬೇರೆ. ಅದರ 13 ತಂತಿಗಳಿಗೆ ಒಂದೊಂದು ಸರಿಯುವ ಕುದುರೆ. ಹಿರಾಜೊಶಿ ಎಂಬ ಸಾಮಾನ್ಯ ಶ್ರುತಿಯಲ್ಲಿ ಐದೇ ಸ್ವರ: ಷಡ್ಜ, ಶುದ್ಧ ರಿಷಭ, ಶುದ್ಧ ಮಧ್ಯಮ, ಪಂಚಮ, ಶುದ್ಧ ಧೈವತ. ಹಿಂದೂಸ್ತಾನಿ ಕೇಳುವವರಿಗೆ ಗುಣಕಲಿಯ ಸ್ವರಗಳಲ್ಲವೇ ಅನಿಸುತ್ತದೆ, ಕೋಮಲ ರಿಷಭ, ಕೋಮಲ ಧೈವತದ ಗುಣಕಲಿ. ಸ್ವರ ಒಂದೇ ಆದರೂ ನಡೆ ಬೇರೆ ಎಂಬುದನ್ನು ಮರೆಯಬಾರದು. ಲಾಸ್ ಏಂಜಲಿಸ್‌ನಲ್ಲಿ 1970ರ ದಶಕದಲ್ಲಿ ಕೂಡಿದ, 1979ರಲ್ಲಿ ಮೊದಲ ಆಲ್ಬಮ್ ತಂದ 'ಹಿರೊಶಿಮಾ' ಬ್ಯಾಂಡಿನಲ್ಲಿ ಜೂನ್ ಕುರಾಮೊಟೊ ಈ ವಾದ್ಯವನ್ನು ಡ್ರಮ್ಸ್, ಕೀಬೋರ್ಡ್, ಸ್ಯಾಕ್ಸೊಫೋನ್ ನಡುವೆ ತಂದಿಟ್ಟರು. ಇಂಥ ಕೂಟದಲ್ಲಿ ಎದುರಾಗುವ ತೊಡಕು ಎರಡು. ಕಾರ್ಡ್ ಬದಲಾದಾಗ ಬೇಕಾದ ಸ್ವರ ಕೊಟೊದಲ್ಲಿ ಇರುವುದೇ ಇಲ್ಲ. ಆಗ ಕುದುರೆಯ ಎಡಕ್ಕೆ ತಂತಿಯನ್ನು ಒತ್ತಿ ಅರ್ಧ ಅಥವಾ ಒಂದು ಸ್ವರ ಏರಿಸಬೇಕು, ಇಲ್ಲವೇ ಹಾಡಿನ ಮಧ್ಯೆಯೇ ಕುದುರೆ ಸರಿಸಬೇಕು, ಇಲ್ಲವೇ ಪಕ್ಕದಲ್ಲಿ ಬೇರೆ ಶ್ರುತಿಯ ಇನ್ನೊಂದು ಕೊಟೊ ಇಟ್ಟುಕೊಳ್ಳಬೇಕು. ಎರಡನೆಯದು ದನಿಯದು. ಕೊಟೊದ ನಾದರಂಧ್ರ ಇರುವುದು ತಳದಲ್ಲಿ. ಮೈಕನ್ನು ಮೇಲಷ್ಟೇ ಹಿಡಿದರೆ ಉಗುರಿನ ಟಿಕ್ ಟಿಕ್ ಕೇಳುತ್ತದೆ, ನಾದ ಸಿಗುವುದಿಲ್ಲ. ಪರಿಹಾರ ಗೊತ್ತಿಲ್ಲದ ಸಂಯೋಜಕರು ಕೊಟೊಗೆ ಆರಂಭದಲ್ಲಿ ಒಂದು ಜರ್ರನೆ ಇಳಿಯುವ ಮೀಟು ಕೊಟ್ಟು ಸುಮ್ಮನಿರಿಸುತ್ತಾರೆ. ಅದು ಅಲಂಕಾರಕ್ಕೆ ಇಟ್ಟ ಬೀಸಣಿಗೆಯಾಗುತ್ತದೆ. ಕೊಟೊಗೆ ರಾಗದ ಪೂರ್ತಿ ಸಾಲು ಕೊಟ್ಟು, ಅದರ ಐದು ಸ್ವರಕ್ಕೆ ಹೊಂದುವ ಕಾರ್ಡ್‌ಗಳನ್ನು ಕೀಬೋರ್ಡಿನವರು ಹುಡುಕಿಕೊಳ್ಳುವುದು ನ್ಯಾಯ.

ಯುದ್ಧಾನಂತರ ಒಬ್ಬಂಟಿಯಾಗಿ ಬಂದವರ ಕಥೆಯೂ ಇದೆ. ತೊಶಿಕೊ ಅಕಿಯೊಶಿ 1956ರಲ್ಲಿ ಬಾಸ್ಟನ್ನಿನ ಬರ್ಕ್ಲಿಗೆ ಜಾಝ್ ಕಲಿಯಲು ಬಂದ ಪಿಯಾನೊ ವಾದಕಿ. 1974ರ 'ಕೊಗುನ್' ಎಂಬ ರಚನೆಯಲ್ಲಿ ಅವರು ಬಿಗ್ ಬ್ಯಾಂಡಿನ ಜೊತೆಗೆ ನೋಹ್ ನಾಟಕದ ಗಾಯನವನ್ನೂ ತ್ಸುಝುಮಿ ಎಂಬ ಕೈಚಂಡೆಯನ್ನೂ ಇಟ್ಟರು. ತ್ಸುಝುಮಿಯ ಪೆಟ್ಟುಗಳ ನಡುವಿನ ಅಂತರ ಹಿಗ್ಗಿ ಕುಗ್ಗುತ್ತದೆ, ಜಾಝ್ ತಾಳ ಹಾಗಲ್ಲ. ಎರಡನ್ನೂ ಅವರು ಬಲವಂತವಾಗಿ ಒಂದೇ ಎಣಿಕೆಗೆ ಕಟ್ಟಿಹಾಕಲಿಲ್ಲ.

ಮಾತಿನಲ್ಲಿ ನೇರವಾಗಿ ಹೇಳಿದವರು ನೊಬುಕೊ ಮಿಯಾಮೊಟೊ, ಕ್ರಿಸ್ ಇಜಿಮಾ ಮತ್ತು ಚಾರ್ಲಿ ಚಿನ್. ಗಿಟಾರ್ ಹಿಡಿದು 1973ರಲ್ಲಿ ಅವರು ತಂದ ಆಲ್ಬಮ್ ಏಷ್ಯನ್ ಅಮೆರಿಕನ್ನರು ತಮ್ಮ ಬಗ್ಗೆ ತಾವೇ ಇಂಗ್ಲಿಷಿನಲ್ಲಿ ಹಾಡಿಕೊಂಡ ಮೊದಮೊದಲ ಧ್ವನಿಮುದ್ರಣಗಳಲ್ಲಿ ಒಂದು. ಶಿಬಿರದ ಮೌನ ಒಡೆಯುವುದಕ್ಕೆ ಇಂಥ ಹಾಡುಗಳೂ ಟೈಕೊ ಕೂಟಗಳೂ ನೆಲ ಹದ ಮಾಡಿದವು. 1988ರ ಕಾನೂನಿನ ಮೂಲಕ ಸರ್ಕಾರ ಕ್ಷಮೆ ಕೇಳಿ, ಬದುಕುಳಿದ ಪ್ರತಿಯೊಬ್ಬರಿಗೂ 20,000 ಡಾಲರ್ ಕೊಟ್ಟಿತು. 2019ರಲ್ಲಿ ಪಿಟೀಲು ವಾದಕ ಕಿಶಿ ಬಾಶಿ ಇದೇ ಶಿಬಿರಗಳ ಸುತ್ತ ಒಂದು ಇಡೀ ಆಲ್ಬಮ್ ಮಾಡಿದರು. ಬ್ರೆಜಿಲ್‌ನದು ಇನ್ನೊಂದೇ ದೊಡ್ಡ ಅಧ್ಯಾಯ. 1908ರ ಜೂನ್ 18ರಂದು ಕಸಾಟೊ ಮಾರು ಹಡಗು 781 ಜನರನ್ನು ಸಾಂಟೊಸ್ ಬಂದರಿಗೆ ತಂದದ್ದರಿಂದ ಅದು ಶುರುವಾಗುತ್ತದೆ. ಅದಕ್ಕೆ ಬೇರೆಯೇ ಒಂದು ಸಂಜೆ ಬೇಕು.

ಮಿಯಾಮೊಟೊ ಅಲ್ಲಿಗೇ ನಿಲ್ಲಲಿಲ್ಲ. ಬೋನ್ ಒಡೊರಿಗೇ ಹೊಸ ಹಾಡುಗಳನ್ನು ಕಟ್ಟಿದರು. 2013ರಿಂದ ಲಾಸ್ ಏಂಜಲಿಸ್‌ನಲ್ಲಿ ಮೆಕ್ಸಿಕೊ ಮೂಲದ ಕಲಾವಿದರೊಂದಿಗೆ ಸೇರಿ 'ಫಂಡಾಂಗೊಬೋನ್' ನಡೆಸುತ್ತಿದ್ದಾರೆ. ಮೆಕ್ಸಿಕೊದ ವೆರಾಕ್ರೂಸ್ ಕಡೆಯ ಫಂಡಾಂಗೊದಲ್ಲಿ ಮರದ ಹಲಗೆಯ ಮೇಲೆ ಹೆಜ್ಜೆ ಬಡಿದು ತಾಳ ಹುಟ್ಟಿಸುತ್ತಾರೆ, ಜನ ಹಲಗೆಯ ಸುತ್ತ ನೆರೆಯುತ್ತಾರೆ. ಬೋನ್ ಒಡೊರಿಯಲ್ಲಿ ಅಟ್ಟದ ಸುತ್ತ ನೆರೆಯುತ್ತಾರೆ. ನಡುವೆ ಮರ, ಸುತ್ತ ವೃತ್ತ ಎಂಬಷ್ಟು ಎರಡಕ್ಕೂ ಸಮಾನ. ಆಫ್ರಿಕಾದ ನಗಾರಿಗಳೂ ಸೇರಿದವು. ಆರಂಭದಲ್ಲಿ ತಾಳ ಹೊಂದಿಸುವುದೇ ದೊಡ್ಡ ಕೆಲಸ, ಏಕೆಂದರೆ ಫಂಡಾಂಗೊ ಬಹಳಷ್ಟು ಮೂರು-ಎರಡರ ಬೆರಕೆಯಲ್ಲಿ ಓಡುತ್ತದೆ, ಬೋನ್‌ನ 'ಒಂಡೊ' ನೇರ ಎರಡರಲ್ಲಿ ನಡೆಯುತ್ತದೆ. ಕಾಲಿಗೆ ಸುಲಭವಾದ ಒಂದು ಹೆಜ್ಜೆಯನ್ನು ಎಲ್ಲರಿಗೂ ಮೊದಲು ಕಲಿಸಿಬಿಟ್ಟರೆ ಮೇಲಿನ ವಾದ್ಯಗಳು ಆ ಹೆಜ್ಜೆಗೆ ಬಂದು ಸೇರುತ್ತವೆ. ಕುಣಿಯಲು ಬರುವವರಿಗೆ ಜಪಾನಿ ಗೊತ್ತಿರಬೇಕಾಗಿಲ್ಲ, ಸ್ಪ್ಯಾನಿಶ್ ಗೊತ್ತಿರಬೇಕಾಗಿಲ್ಲ. ಮುಂಚೆಯೇ ಕಾರ್ಯಾಗಾರಗಳಿಗೆ ಬಂದು ಹೆಜ್ಜೆ ಕಲಿತಿದ್ದರೆ ಒಳ್ಳೆಯದು.